ಕೆಂಪು ದಾರ ಕತ್ತರಿಸಿದ ಶೇಖವ್ವ

ಶೇಖವ್ವನಿಗೆ ಅಂಜಿಕೆ ಅನ್ನೋದೇ ಗೊತ್ತಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಇಳಕಲ್ಲಿನ ಆ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ನಿಂತ ಕೂಡಲೇ ಮಾತಿನ ಸದ್ದು ಏಳುತ್ತದೆ. ಆ ಮಾತಿನಲ್ಲಿ ಶೇಖವ್ವನ ಹೆಸರು ಬಾರದ ಸಂಜೆಯೇ ಇರಲಿಲ್ಲ.

"ಆಕಿ ಹುತ್ತಿನ್ಯಾಗ ಕೈ ಹಾಕಿ, ಈ ಹಾವಿಗೆ ಎಷ್ಟ ಡಿಸ್ಕೌಂಟ್ ಐತ್ರಿ ಅಂತ ಕೇಳಾಕಿ," ಎಂದು ಎದುರು ಮನೆಯ ಗೌಸಿಯಾ ಎಲ್ಲರನ್ನೂ ನಗಿಸುತ್ತಿದ್ದಳು.

ಬಸ್ಸಿನ ಕಥೆಯನ್ನಂತೂ ಓಣಿಯ ಮಕ್ಕಳೂ ಬಲ್ಲರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಹೊಸತರಲ್ಲಿ ಶೇಖವ್ವ ತನ್ನಷ್ಟೇ ದಪ್ಪದ ಚೀಲವನ್ನು ಸೀಟಿನ ಮೇಲೆ ಕೂರಿಸಿಕೊಂಡು ಬಾಗಲಕೋಟೆಯಿಂದ ಬರುತ್ತಿದ್ದಳಂತೆ. ಚೀಲಕ್ಕೆ ಟಿಕೆಟ್ ತೆಗೆಸಬೇಕು ಅಂದ ಕಂಡಕ್ಟರ್. "ಚೀಲಾನೂ ಹೆಣ್ಣ ಐತ್ರಿ ಸಾಹೇಬ್ರ, ಒಳಗ ಬರೇ ಸೀರಿ, ಕುಬಸ ಅದಾವ. ಬೇಕಾದ್ರ ಕೇಳ್ರಿ," ಅಂದಳಂತೆ ಈಕೆ. ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ನಕ್ಕ, ಆದರೆ ಟಿಕೆಟ್ ಹರಿದೇ ಕೊಟ್ಟ.

ಅಂಥ ಶೇಖವ್ವ ಒಂದು ದಿನ ಅಂಜಿದಳು. ಹೇಳಬೇಕಾದದ್ದು ಆ ದಿನದ ಕಥೆ. ಅದಕ್ಕೆ ಮೊದಲು ಆ ಚೀಲದ ಸಂಗತಿಯನ್ನಷ್ಟು ಹೇಳಿಬಿಡಬೇಕು.

ಶೇಖವ್ವನ ಗಂಡ ಶಿವಸಂಗಪ್ಪ ಕುಣಿಮಗ್ಗದ ನೇಕಾರ. ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತನೆಂದರೆ ಊಟಕ್ಕೆ ಕರೆಯುವ ತನಕ ಏಳುವವನಲ್ಲ. ಆಕೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು, ನೇಯ್ದ ಸೀರೆ ಮಡಚುತ್ತಿದ್ದಳು. ಒಮ್ಮೆ ಬಾಗಲಕೋಟೆಯ ನವನಗರಕ್ಕೆ ನೆಂಟರ ಮನೆಗೆ ಹೋದಾಗ ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಮಾಲು ಖಾಲಿ ಮಾಡುವ ರಿಯಾಯಿತಿ ನಡೆದಿತ್ತು. ಬುಟ್ಟಿಗಟ್ಟಲೆ ಸ್ಟೀಲಿನ ಡಬ್ಬಿಗಳು, ಬೆಡ್‌ಶೀಟುಗಳು, ಮಕ್ಕಳ ಅಂಗಿಗಳು ಅರ್ಧಕ್ಕರ್ಧ ದರದಲ್ಲಿ ಬಿದ್ದಿದ್ದವು. ಮನೆಗೆಂದು ನಾಲ್ಕು ಡಬ್ಬಿ ತಂದಳು. ನೋಡಿದವರು ನನಗೂ ತಾ, ನನಗೂ ತಾ ಅಂದರು. ಮುಂದಿನ ಸಲ ತಂದದ್ದರ ಫೋಟೋ ತೆಗೆದು ವಾಟ್ಸಪ್ಪಿನ ಸ್ಟೇಟಸ್ಸಿಗೆ ಹಾಕಿದಳು. ಅಲ್ಲಿಂದ ಒಂದು ಗ್ರೂಪು, ಗ್ರೂಪಿನಿಂದ ಇನ್ನೊಂದು. ಹುನಗುಂದ, ಬಾದಾಮಿ, ಬೇವೂರು, ಕೆರೂರು, ಎಲ್ಲೆಲ್ಲಿಂದಲೋ ಮುಖ ಕಾಣದ ಹೆಂಗಸರು "ಅಕ್ಕಾರ, ಅದು ಇನ್ನೂ ಐತೇನ್ರಿ?" ಎಂದು ಕೇಳತೊಡಗಿದರು. ಶೇಖವ್ವ ಬಸ್ಸಿಗೆ ಪಾರ್ಸಲ್ ಹಾಕುತ್ತಿದ್ದಳು. ಅವರು ತಮ್ಮೂರ ಸ್ಟ್ಯಾಂಡಿನಲ್ಲಿ ಬಂದು ಇಳಿಸಿಕೊಳ್ಳುತ್ತಿದ್ದರು.

ಆಕೆಯ ಫೋಟೋಗಳಲ್ಲಿ ಒಂದು ವಿಶೇಷವಿತ್ತು. ಡಬ್ಬಿಯಿರಲಿ ಕುಕ್ಕರಿರಲಿ, ಗಂಡ ಆಗಷ್ಟೇ ನೇಯ್ದ ಸೀರೆಯ ಸೆರಗಿನ ಮೇಲಿಟ್ಟೇ ಫೋಟೋ ತೆಗೆಯುತ್ತಿದ್ದಳು. ಕೆಂಪು ಬಿಳಿ ಸೆರಗಿನ ಮೇಲೆ ಕೂತರೆ ಪ್ಲಾಸ್ಟಿಕ್ ತಂಬಿಗೆಯೂ ಮದುಮಗಳ ಹಾಗೆ ಕಾಣುತ್ತಿತ್ತು.

"ಮಂದಿ ನನ್ನ ಸೀರಿ ಮ್ಯಾಲ ಕಣ್ಣ ಇಟ್ಟ ನಿನ್ನ ಡಬ್ಬಿ ಕೊಳ್ತಾರ," ಎಂದು ಶಿವಸಂಗಪ್ಪ ಕುಣಿಯಿಂದಲೇ ಅನ್ನುತ್ತಿದ್ದ.

"ಹೌದ್ರಿ, ನಿಮ್ಮ ಸೀರಿ ಅಲ್ಲೇ ಐತಿ, ನನ್ನ ಡಬ್ಬಿ ಹೋದವು," ಎಂದು ಆಕೆ ತಿರುಗಿ ಅನ್ನುತ್ತಿದ್ದಳು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು, ಇಡೀ ಕಥೆ ಅದರ ಮೇಲೆಯೇ ನಿಂತಿದೆ. ಆ ಮನೆಯಲ್ಲಿ ನೇಯುವಾಗ ಎಲ್ಲಾದರೂ ಎಳೆ ತಪ್ಪಿದರೆ ಆ ಜಾಗದ ಅಂಚಿಗೆ ಒಂದು ಕೆಂಪು ದಾರದ ತುಂಡು ಕಟ್ಟುತ್ತಾರೆ. ಸೀರೆ ಮಗ್ಗದಿಂದ ಇಳಿದ ಮೇಲೆ ಶಿವಸಂಗಪ್ಪ ಆ ದಾರ ನೋಡಿಕೊಂಡು ತಪ್ಪನ್ನು ಸೂಜಿಯಿಂದ ತಿದ್ದುತ್ತಾನೆ. ದಾರ ಹಾಗೆಯೇ ಇರುತ್ತದೆ. ಸೀರೆಯನ್ನು ಮಡಚಿ ಗಿರಾಕಿಗೆ ಕೊಡುವ ಹೊತ್ತಿಗೆ ಶೇಖವ್ವ ಅದನ್ನು ಕತ್ತರಿಸಿ, ಬೆಲೆಯಲ್ಲಿ ಒಂದಿಷ್ಟು ಇಳಿಸಿ ಕೊಡುತ್ತಾಳೆ. ಮದುವೆಯಾಗಿ ಬಂದಂದಿನಿಂದ ಆಕೆಯ ಕೈಗೆ ಗೊತ್ತಿದ್ದದ್ದು ಇಷ್ಟೇ: ಕೆಂಪು ದಾರ ಕಂಡರೆ ಅದು ತಪ್ಪು ತಿದ್ದಿ ಆದ ಮಾಲು, ಅದಕ್ಕೇ ದರ ಇಳಿದಿದೆ, ಗಿರಾಕಿಗೆ ಕಟ್ಟಿಕೊಡುವ ಮೊದಲು ದಾರ ಕತ್ತರಿಸಬೇಕು.

ಆ ಚಳಿಗಾಲದಲ್ಲಿ ನವನಗರದ ಅಂಗಡಿಯಿಂದ ಆಕೆ ನೀರು ಕಾಯಿಸುವ ರಾಡುಗಳನ್ನು ತಂದಿದ್ದಳು. ಬಕೆಟ್ಟಿನಲ್ಲಿ ಇಳಿಬಿಟ್ಟು ಬಟನ್ ಒತ್ತಿದರೆ ನೀರು ಕಾಯುತ್ತದಲ್ಲ, ಅವು. ಡಬ್ಬ ನುಗ್ಗಾಗಿದ್ದರಿಂದ ದರ ಇಳಿಸಿದ್ದಾರೆ ಎಂದುಕೊಂಡಳು. ಅವುಗಳಲ್ಲಿ ಎರಡರ ವೈರಿಗೆ ಕೆಂಪು ದಾರ ಸುತ್ತಿತ್ತು. ಶೇಖವ್ವ ಅದನ್ನು ನೋಡಿದಳು. ಮಗ್ಗದ ಪಕ್ಕದ ಕತ್ತರಿ ತೆಗೆದುಕೊಂಡು ಕಚಕ್ಕನೆ ಕತ್ತರಿಸಿದಳು. ಒಂದನ್ನು ಮನೆಗಿಟ್ಟುಕೊಂಡಳು. ಇನ್ನೊಂದು ಕೆರೂರಿಗೆ ಹೋಯಿತು.

ಆಮೇಲೆ ಒಂದು ಮುಂಜಾನೆ ಫೋನು ಬಂತು. ಮಾತಾಡಿದವನು ಆ ಅಂಗಡಿಯಲ್ಲಿ ಮಾಲು ಜೋಡಿಸಿಡುವ ನಿಂಗರಾಜ. ಆಕೆಗೆ ಒಳ್ಳೆಯ ಮಾಲು ಬಂದಾಗ ಸುದ್ದಿ ಕೊಡುತ್ತಿದ್ದವನೂ ಅವನೇ.

"ಅಕ್ಕಾರ, ನೀವು ಒಯ್ದ ರಾಡಿನ್ಯಾಗ ಯಾವುದಕ್ಕರ ಕೆಂಪು ದಾರ ಇತ್ತೇನ್ರಿ?"

"ಇತ್ತಪಾ, ಎರಡಕ್ಕ ಇತ್ತು. ಕತ್ತರಿಸಿ ಒಗದೆ."

ನಿಂಗರಾಜ ಅವಸರದಿಂದ ಹೇಳಿದ.

"ಅವು ಮಾರೂವಲ್ರಿ ಅಕ್ಕಾರ. ಗಿರಾಕಿ ವಾಪಸ್ ತಂದ ಒಗದಿದ್ದು. ನೀರಿಗೆ ಕರೆಂಟ್ ಬಿಡ್ತಾವ. ಬ್ಯಾರೆ ಇಡಾಕಂತ ನಾನ ದಾರ ಕಟ್ಟಿದ್ದೆ. ಯಾರೋ ಆ ಬುಟ್ಟಿ ಎತ್ತಿ ಸೇಲಿನ ಬುಟ್ಟಿ ಬಾಜೂಕ ಇಟ್ಟಾರ. ನಿನ್ನೆ ಎಣಿಸಿದಾಗ ಗೊತ್ತಾತು. ಎಲ್ಲಿ ಅದಾವ್ರಿ ಅವು?"

ಶೇಖವ್ವ ಫೋನು ಕೈಯಲ್ಲಿ ಹಿಡಿದುಕೊಂಡೇ ಮಗ್ಗದ ಕೋಣೆಗೆ ಓಡಿದಳು. ಶಿವಸಂಗಪ್ಪ ಜಳಕ ಮಾಡಿ ವಿಭೂತಿ ಹಚ್ಚಿಕೊಂಡು ಆಗಷ್ಟೇ ಕುಣಿಗೆ ಇಳಿದಿದ್ದ.

"ಏನ್ರೀ, ಮುಂಜಾನೆ ನೀರ ಕಾಸಿದ್ರೆಲ್ಲ, ಕೈಗೆ ಏನರ ಆತೇನ್ರಿ?"

"ಏನಾಗೂದೈತಿ? ನೀರ ಕಾದೈತೋ ಇಲ್ಲೋ ಅಂತ ಬೆರಳ ಹಾಕಿದೆ, ಮೊಣಕೈ ತನಕ ಜೋಮ ಹಿಡದಂಗ ಆತು. ದಿನಾ ಲಾಳಿ ಎಳಿಯೂ ಕೈ, ಜೋಮ ಹಿಡೀದ ಏನ ಮಾಡೀತು?"

"ಕಾಲಾಗ ಚಪ್ಪಲಿ ಇದ್ದುವೇನ್ರಿ?"

"ಇದ್ದುವು. ಫರಸಿ ತಣ್ಣಗ ಕೊರೀತೈತೆಲ್ಲ. ಯಾಕ, ಏನಾತು?"

ಶೇಖವ್ವ ಬಚ್ಚಲ ಕಡೆ ನೋಡಿದಳು. ತಮ್ಮ ಮನೆಯಲ್ಲಿ ಬಕೆಟ್ಟು ಪ್ಲಾಸ್ಟಿಕ್ಕಿನದು, ಗಂಡನ ಕಾಲಲ್ಲಿ ರಬ್ಬರಿನ ಚಪ್ಪಲಿ. ಅದಕ್ಕೇ ಬರೀ ಜೋಮು. ಕೆರೂರಿನಲ್ಲಿ ಏನಿದೆ?

ಕೆರೂರಿನಲ್ಲಿ ಜಯಶ್ರೀ ಇದ್ದಳು. ಮಗಳು ಸುಶ್ಮಿತಾಳನ್ನು ಚೊಚ್ಚಲ ಬಾಣಂತನಕ್ಕೆ ಕರೆದುಕೊಂಡು ಬಂದ ತಾಯಿ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ, ಆದರೆ ವಾಟ್ಸಪ್ಪಿನಲ್ಲಿ ಧ್ವನಿ ಕಳಿಸಿ ಕಳಿಸಿ ಅಕ್ಕತಂಗಿಯರಂತೆ ಆಗಿದ್ದರು. ಬಾಣಂತಿಗೆ ಎರೆಯಲು ಹಂಡೆಗಟ್ಟಲೆ ನೀರು ಬೇಕು, ತಾನಿರುವುದು ಬಾಡಿಗೆಯ ಮೇಲಿನ ಮನೆ, ಕಟ್ಟಿಗೆ ಒಲೆ ಹೂಡಲು ಜಾಗವಿಲ್ಲ ಎಂದು ಜಯಶ್ರೀ ಪೇಚಾಡಿದ್ದಳು. "ಯಾಕ ಚಿಂತಿ ಮಾಡ್ತೀರಿ, ನನ್ನ ಕಡೆ ರಾಡ್ ಐತಿ, ಕಳಸ್ತೇನಿ," ಎಂದವಳು ಶೇಖವ್ವನೇ. ಕೂಸಿಗೆಂದು ಹೊಸ ಸ್ಟೀಲಿನ ಬಕೆಟ್ಟು ತಂದಿದ್ದನ್ನೂ ಜಯಶ್ರೀ ಹಿಗ್ಗಿನಿಂದ ಹೇಳಿದ್ದಳು. ನಿನ್ನೆ ಸಂಜೆ ಬಂದ ಧ್ವನಿ ಇನ್ನೂ ಫೋನಿನಲ್ಲೇ ಇತ್ತು: "ಅಕ್ಕಾರ, ದವಾಖಾನಿಯಿಂದ ಬಿಟ್ರು. ಮನಿಗೆ ಬಂದೇವಿ. ನಾಳೆ ಮೊದಲನೇ ಎರಕೊಳ್ಳೋದು. ನಿಮ್ಮ ರಾಡ್ ನಾಳೇನ ಹಚ್ತೇನಿ."

ಸ್ಟೀಲಿನ ಬಕೆಟ್ಟು. ಹಸಿ ನೆಲ. ಬರಿಗಾಲಿನ ಹಸಿಬಾಣಂತಿ. ಮಡಿಲಲ್ಲಿ ಕೂಸು.

ಶೇಖವ್ವ ಫೋನು ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಸ್ವಿಚ್ ಆಫ್. "ಜಯಶ್ರೀ, ಆ ರಾಡ್ ಮುಟ್ಟಬ್ಯಾಡ್ರಿ, ದೇವರಾಣಿ ಮುಟ್ಟಬ್ಯಾಡ್ರಿ," ಎಂದು ಧ್ವನಿ ಕಳಿಸಿದಳು. ಹೋಯಿತು, ಆದರೆ ಮುಟ್ಟಲಿಲ್ಲ. ಒಂದೇ ಗೀಟು ಬಿದ್ದು ನಿಂತಿತು. ಮನೆಯ ವಿಳಾಸವಾದರೂ ಎಲ್ಲಿದೆ? ಪಾರ್ಸಲ್ಲನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡವರು ಅವರು. ಆಕೆಗೆ ಗೊತ್ತಿದ್ದದ್ದು ಊರ ಹೆಸರು ಮತ್ತು ಒಂದು ಧ್ವನಿ, ಅಷ್ಟೇ.

ಮನೆಯ ರಾಡನ್ನು ಮುಟ್ಟಬಾರದೆಂದು ಗಂಡನಿಗೆ ಹೇಳಿ, ಉಟ್ಟ ಸೀರೆಯಲ್ಲೇ ಕೆರೂರಿಗೆ ಹೊರಟಳು. ಗೌಸಿಯಾ ಬಾಗಿಲಲ್ಲಿ ನಿಂತು, "ಶೇಖಕ್ಕ, ಖಾಲಿ ಕೈಲೆ ಹೊಂಟಿ? ಸೇಲ್ ಮುಗೀತೇನ?" ಎಂದು ಚೇಷ್ಟೆ ಮಾಡಿದಳು. ಶೇಖವ್ವ ತಿರುಗಿ ನೋಡಲಿಲ್ಲ. ಆಕೆ ತಿರುಗಿ ಒಂದು ಮಾತು ಆಡದೇ ಹೋದದ್ದನ್ನು ಗೌಸಿಯಾ ಅದೇ ಮೊದಲು ಕಂಡದ್ದು. ನಗು ಬಾಯಲ್ಲೇ ಉಳಿಯಿತು.

ಬಸ್ಸು ಹುನಗುಂದದಲ್ಲಿ ಮಂದಿಗಾಗಿ ಕಾಯಿತು. ಅಮೀನಗಡದಲ್ಲಿ ಕರದಂಟು ಮಾರುವವನು ಹತ್ತಿ, "ಬಾಣಂತ್ಯಾರಿಗೆ ಭಾಳ ಚಲೋರಿ, ನಡಾ ಗಟ್ಟಿ ಆಗ್ತೈತ್ರಿ," ಎಂದು ಕೂಗುತ್ತ ಸೀಟಿನಿಂದ ಸೀಟಿಗೆ ಬಂದ. ಶೇಖವ್ವ ಕಿವಿ ಮುಚ್ಚಿಕೊಂಡಳು. ಮುಂದಿನ ಸೀಟಿನ ಹೆಂಗಸು ತಿರುಗಿ, "ತಲಿ ಸುತ್ತಾಕತ್ತೈತೇನ್ರಿ?" ಎಂದು ಲಿಂಬೆಹಣ್ಣು ಚಾಚಿದಳು. ಶೇಖವ್ವ ತೆಗೆದುಕೊಂಡು ಅದನ್ನು ಮುಷ್ಟಿಯಲ್ಲಿ ಹಿಚುಕುತ್ತಲೇ ಕೂತಳು. ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿದಾಗ ಕೈಯೆಲ್ಲ ರಸವಾಗಿತ್ತು, ಅದೂ ಆಕೆಗೆ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಫೋನು ಹಚ್ಚಿದಳು. ಫೋನು ಹತ್ತದೇ ಇದ್ದದ್ದಕ್ಕೆ ಆಕೆಯ ಮನಸ್ಸು ಒಂದೇ ಕಾರಣ ಹೇಳುತ್ತಿತ್ತು: ಸತ್ತವರ ಮನೆಯಲ್ಲಿ ಫೋನು ಯಾರು ಎತ್ತುತ್ತಾರೆ?

ಕೆರೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಯಾರನ್ನು ಕೇಳಬೇಕು? ಏನೆಂದು ಕೇಳಬೇಕು? ಜಯಶ್ರೀ ಎಂಬ ಹೆಸರಿನವರು ಊರಲ್ಲಿ ಎಷ್ಟು ಜನವೋ. ಆಗ ಆಕೆಗೆ ಹೊಳೆಯಿತು. ಊರು ಯಾವುದಾದರೂ ಇರಲಿ, ಬಾಣಂತಿ ಕೂಸಿಗೆ ಎರೆಯಲು ಬರುವ ಮುದುಕಿ ಒಬ್ಬಳು ಇದ್ದೇ ಇರುತ್ತಾಳೆ. ಯಾವ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾರೆಂಬುದು ಅವಳಿಗೆ ಗೊತ್ತಿರುತ್ತದೆ. ಹೂವಿನವಳ ಮುಂದೆ ಕೂತು ಕೇಳಿದಳು.

"ಎರಿಯಾಕಿ ಮರೆವ್ವನ? ಆ ಹಿಟ್ಟಿನ ಗಿರಣಿ ಐತಲ್ಲ, ಅದರ ಹಿಂದಿನ ಮನಿ. ಆದರ ಇಷ್ಟೊತ್ತಿನ್ಯಾಗ ಇರ್ತಾಳೋ ಇಲ್ಲೋ."

ಇದ್ದಳು. ಮರೆವ್ವ ಕಟ್ಟೆಯ ಮೇಲೆ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಹತ್ತಿರ ಹೋಗುವ ಮೊದಲೇ ಶೇಖವ್ವ ಕೂಗಿ ಕೇಳಿದಳು.

"ಯವ್ವಾ, ಜಯಶ್ರೀ ಅನ್ನೋರ ಮನ್ಯಾಗ ಸುಶ್ಮಿತಾ ಅನ್ನೋ ಬಾಣಂತಿ, ಎರದ ಬಂದ್ರೇನು?"

"ಎಲ್ಲೀದು ತಂಗಿ? ಮುಂಜಾನಿಂದ ಕರೆಂಟಿಲ್ಲ. ಅದೇನೋ ರಾಡ್ ಅಂತ, ಅದು ಹತ್ತಿದ್ರ ನೀರ ಕಾಯೂದು. ಕರೆಂಟ್ ಬರಲಿ, ಹೇಳಿ ಕಳಸ್ತೇನಿ ಅಂದಾರ. ನಾ ಎಣ್ಣಿ ಹಚ್ಚಿಕೊಂಡ ಕುಂತೇನಿ."

ಕರೆಂಟಿಲ್ಲ! ಅದಕ್ಕೇ ಫೋನೂ ಸತ್ತಿತ್ತು. ಶೇಖವ್ವ ಕಣ್ಣು ಮುಚ್ಚಿ ಕೂಡಲಸಂಗಮದ ದಿಕ್ಕಿಗೆ ಕೈ ಮುಗಿದಳು. ಮುಗಿದ ಕೈ ಇನ್ನೂ ಇಳಿದಿರಲಿಲ್ಲ. ಮುಂದಿನ ಗಿರಣಿ ಗುರ್ ಎಂದಿತು. ಎದುರು ಮನೆಯಲ್ಲಿ ಟೀವಿ ಒಮ್ಮೆಲೇ ಹಾಡತೊಡಗಿತು. ಓಣಿಯ ಮಕ್ಕಳು "ಬಂತೋ!" ಎಂದು ಕುಣಿದರು.

"ಹಾಂ, ಬಂತ ನೋಡ," ಅಂದಳು ಮರೆವ್ವ.

"ಮನಿ ಎಲ್ಲಿ ಯವ್ವಾ? ಮನಿ ಎಲ್ಲಿ?"

"ಆ ತುದೀಗೆ ಹಸರ ಗೇಟು, ಮ್ಯಾಲಿನ ಮನಿ. ಅಯ್ಯ, ಹಾಂಗ್ಯಾಕ ಓಡ್ತಿ?"

ಶೇಖವ್ವ ಮೈಭಾರದ ಹೆಂಗಸು. ಓಡಿ ಎಷ್ಟು ವರ್ಷವಾಗಿತ್ತೋ. ಒಂದು ಚಪ್ಪಲಿ ಗಟಾರದ ಹತ್ತಿರ ಬಿತ್ತು, ಇನ್ನೊಂದನ್ನು ಆಕೆಯೇ ಒದ್ದೊಗೆದಳು. ಹಸಿರು ಗೇಟು, ಮೆಟ್ಟಿಲು, ತೆರೆದ ಬಾಗಿಲು. ಒಳಗೆ ಲೋಬಾನದ ವಾಸನೆ. ಹಾಸಿಗೆಯ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡ ಹುಡುಗಿ, ಮಗ್ಗುಲಲ್ಲಿ ಕೂಸು. ಬಚ್ಚಲ ಮನೆಯ ಬಾಗಿಲು ತೆರೆದಿತ್ತು. ಅಲ್ಲಿ ಸೀರೆ ಎತ್ತಿ ಕಟ್ಟಿ ಬರಿಗಾಲಲ್ಲಿ ನಿಂತ ಹೆಂಗಸೊಬ್ಬಳು, ನೀರು ಕಾಯತೊಡಗಿದೆಯೋ ನೋಡೋಣವೆಂದು ಸ್ಟೀಲಿನ ಬಕೆಟ್ಟಿನ ಕಡೆ ಬಾಗಿ ಬೆರಳು ಚಾಚುತ್ತಿದ್ದಳು.

"ಜಯಶ್ರೀ! ಕೈ ಹಾಕಬ್ಯಾಡ್ರಿ!"

ಮುಖ ನೋಡಿದ್ದರೆ ಆ ಹೆಂಗಸಿಗೆ ಗುರುತು ಸಿಗುತ್ತಿರಲಿಲ್ಲ. ಯಾರೋ ಹುಚ್ಚಿ ಮನೆ ಹೊಕ್ಕಳೆಂದು ಕೈ ಹಾಕಿಯೇ ಬಿಡುತ್ತಿದ್ದಳೋ ಏನೋ. ಆದರೆ ಧ್ವನಿ ಗುರುತಿನದು. ದಿನವೂ ಕಿವಿಗೆ ಹಿಡಿದು ಕೇಳಿದ ಧ್ವನಿ. ಬೆರಳು ನೀರಿನ ಮೇಲೆಯೇ ನಿಂತಿತು.

"ಅಕ್ಕಾರ?" ಅಂದಳು ಜಯಶ್ರೀ. "ಇಳಕಲ್ ಅಕ್ಕಾರ?"

"ಹಿಂದ ಸರೀರಿ. ಬಕೀಟ ಮುಟ್ಟಬ್ಯಾಡ್ರಿ. ಹೊರಗ ಬರ್ರಿ, ಬಟನ್ ಆರಸ್ರಿ."

ಬಟನ್ ಆರಿತು. ಶೇಖವ್ವ ಹೊಸ್ತಿಲಲ್ಲೇ ಕೂತು, ಉಸಿರು ಹಿಡಿಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು. ದಾರ ಇದ್ದದ್ದು, ತಾನೇ ಕತ್ತರಿಸಿದ್ದು, ಗಂಡನ ಕೈಗೆ ಜೋಮು ಹಿಡಿದದ್ದು. ಒಂದನ್ನೂ ಬಚ್ಚಿಡಲಿಲ್ಲ. ಜಯಶ್ರೀ ಕೇಳುತ್ತ ಕೇಳುತ್ತ ಹೋಗಿ ಕೂಸನ್ನು ಎತ್ತಿ ಎದೆಗವಚಿಕೊಂಡಳು. ಅಷ್ಟರಲ್ಲಿ ಮರೆವ್ವ ಏದುಸಿರು ಬಿಡುತ್ತ, ಮಾತು ಕೇಳಿಸಿಕೊಳ್ಳುತ್ತಲೇ ಮೆಟ್ಟಿಲು ಹತ್ತಿ ಬಂದಳು, ಕೈಯಲ್ಲಿ ಶೇಖವ್ವನ ಒಂದು ಚಪ್ಪಲಿ.

"ನಾ ಬಂದಿದ್ರ ನಾನ ಕೈ ಹಾಕ್ತಿದ್ನೆಲ್ಲವಾ," ಅಂದಳು ಮರೆವ್ವ, ಬಕೆಟ್ಟನ್ನೇ ನೋಡುತ್ತ. "ಬಾಣಂತಿನ್ನ ಮಣಿ ಮ್ಯಾಲ ಕುಂದ್ರಿಸಿ, ಈ ಕೈಲೆ..." ಮಾತು ಮುಗಿಸದೆ ತನ್ನ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಶೇಖವ್ವ ಬೈಗುಳಕ್ಕೆ ಕಾದಳು. ಜಯಶ್ರೀ ಬೈಯಲಿಲ್ಲ. ಹಳೆಯ ಪೇಪರಿನಲ್ಲಿ ರಾಡನ್ನು ಸುತ್ತಿ ಆಕೆಯ ಮುಂದಿಟ್ಟಳು.

"ಇದನ್ನ ತೊಗೊಂಡ ಹೋಗ್ರಿ. ನೀವು ಬಂದಿದ್ದು ಛಲೋ ಆತು ಅಂತ ನನಗ ಗೊತ್ತೈತಿ ಅಕ್ಕಾರ. ಆದರ ಈಗ ನಿಮ್ಮ ಮಾರಿ ನೋಡಾಕ ನನ್ನಿಂದ ಆಗವಲ್ದು."

ಮರೆವ್ವ ಗ್ಯಾಸಿನ ಮೇಲೆ ನೀರಿಟ್ಟ ಸದ್ದು ಕೇಳುತ್ತ ಶೇಖವ್ವ ಮೆಟ್ಟಿಲಿಳಿದಳು.

ಆ ಮೇಲೆ ಅಂಜಿಕೆ ಹೋಗಬೇಕಿತ್ತು, ಹೋಗಲಿಲ್ಲ. ಮಾರಿದ್ದೆಲ್ಲ ನೆನಪಾಗತೊಡಗಿತು. ಕುಕ್ಕರು, ಮಕ್ಕಳ ಆಟದ ಸಾಮಾನು, ಬೇವೂರಿಗೆ ಹೋದ ಇಸ್ತ್ರಿಪೆಟ್ಟಿಗೆ. ಒಬ್ಬೊಬ್ಬರಿಗೂ ಫೋನು ಮಾಡಿ, "ಅದು ಛಲೋ ಐತೇನ್ರಿ? ಖರೆ ಹೇಳ್ರಿ," ಎಂದು ಕೇಳಿದಳು. ಎಲ್ಲರೂ ಛಲೋ ಐತಿ ಅಂದರು. ಆದರೂ ಫೋನು ಗಣ್ ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಮುಂಜಾನೆ ಗಂಡ ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು, "ಅದೀರೇನ್ರಿ?" ಎಂದು ಕೇಳುತ್ತಿದ್ದಳು.

"ಇಲ್ಲ, ನೀರಿನ ಜೋಡಿ ಮೋರ್ಯಾಗ ಹರದ ಹೋಗೇನಿ," ಎನ್ನುತ್ತಿದ್ದ ಶಿವಸಂಗಪ್ಪ ಒಳಗಿನಿಂದ. ಆಕೆ ನಗುತ್ತಿರಲಿಲ್ಲ.

ವಾರ ಕಳೆಯುವುದರಲ್ಲಿ ನಿಂಗರಾಜನ ಫೋನು ಮತ್ತೆ ಬಂತು. ಪಿಸುಮಾತಿನಲ್ಲಿ ಹೇಳಿದ.

"ಅಕ್ಕಾರ, ನಾ ಹೇಳಿದೆ ಅನಬ್ಯಾಡ್ರಿ. ಉಳದ ರಾಡಿನ ದಾರ ಎಲ್ಲಾ ಮಾಲಕರು ಬಿಚ್ಚಸ್ಯಾರ. ನಾಳೆ ಸೇಲಿನ್ಯಾಗ ಇಡ್ತಾರಂತ. ನಿಮ್ಮಂಗ ಮಾರಾಕ ಒಯ್ಯೂ ಹೆಣ್ಮಕ್ಕಳಿಗೆ ಹೇಳಿ ಕಳಸ್ಯಾರ. ನೀವು ಮಾತ್ರ ಒಯ್ಯಬ್ಯಾಡ್ರಿ."

"ಮತ್ತ ಒಯ್ದವರಿಗೆ ಹೇಳೋರ್ಯಾರೋ?"

"ನಾ ಹೇಳಿದ್ರ ನನ್ನ ಕೆಲಸ ಹೋಗ್ತೈತ್ರಿ ಅಕ್ಕಾರ."

ಮರುದಿನ ಆ ಅಂಗಡಿಯಲ್ಲಿ ನಡೆದದ್ದನ್ನು ಆಮೇಲೆ ಹೇಳಿದವನೂ ನಿಂಗರಾಜನೇ. ಶೇಖವ್ವ ಬುಟ್ಟಿಯ ಮುಂದೆ ನಿಂತು, ತನ್ನೆರಡು ರಾಡು ಎತ್ತಿ ಹಿಡಿದು, ಇವು ನೀರಿಗೆ ಕರೆಂಟು ಬಿಡುತ್ತವೆಂದು ಕೈ ಹಾಕಿದ ಹೆಂಗಸರಿಗೆಲ್ಲ ಕೂಗಿ ಹೇಳಿದಳಂತೆ. ಮಾಲೀಕನ ಮಂದಿ ರಟ್ಟೆ ಹಿಡಿದು ಹೊರಗೆ ತಂದು ಬಿಟ್ಟರಂತೆ. ಹೊರಗಿನ ಮೆಟ್ಟಿಲ ಮೇಲೆ ನಿಂತು ಮತ್ತೆ ಕೂಗಿದಳಂತೆ. ಮಂದಿ ಕೂಡಿದರು. ಸಂಜೆಯೊಳಗೆ ಬುಟ್ಟಿ ಒಳಗೆ ಹೋಯಿತು, ತಿರುಗಿ ಬರಲಿಲ್ಲ. ಆ ಅಂಗಡಿಯ ಬಾಗಿಲು ಶೇಖವ್ವನಿಗೆ ಮುಚ್ಚಿತು. ಗ್ರೂಪುಗಳಿಂದಲೂ ಆಕೆ ತಾನೇ ಹೊರಬಂದಳು. ಆ ದೊಡ್ಡ ಚೀಲದಲ್ಲಿ ಈಗ ಕಂಡಿಕೆಗಳಿವೆ.

ಓಣಿಯವರಿಗೆ ಮಾತ್ರ ಅಂಗಡಿಯ ಗದ್ದಲಕ್ಕಿಂತ ಆಕೆ ಅಲ್ಲಿಗೆ ಹೊರಟ ಆ ಮುಂಜಾನೆಯೇ ನೆನಪು. ಶಿವಸಂಗಪ್ಪ ಕುಣಿಯಿಂದೆದ್ದು ಬಂದು, ಮನೆಯಲ್ಲಿದ್ದದ್ದು, ಕೆರೂರಿನಿಂದ ತಂದದ್ದು, ಎರಡೂ ರಾಡುಗಳ ವೈರಿಗೆ ಕೆಂಪು ದಾರ ಸುತ್ತಿ, ಮಗ್ಗದವರು ಹಾಕುವ ಬಿಗಿ ಗಂಟು ಹಾಕಿ ಕೊಟ್ಟ.

"ನಾನೂ ಬರ್ಲೇನ?"

"ಬ್ಯಾಡ್ರಿ. ಕತ್ತರಿ ಹಿಡದಾಕಿ ನಾನು."

ಆಕೆ ಚೀಲ ಎತ್ತಿ, ಕೆಳಗಿಟ್ಟು, ಮತ್ತೆ ಎತ್ತಿದ್ದನ್ನು ಬಾಗಿಲಲ್ಲಿ ನಿಂತ ಗೌಸಿಯಾ ನೋಡಿದಳು. ಈ ಸಲ ಚೇಷ್ಟೆ ಮಾಡಲಿಲ್ಲ. ಹತ್ತಿರ ಬಂದು ಚೀಲದ ಇನ್ನೊಂದು ಹಿಡಿಕೆ ಹಿಡಿದಳು.

"ಅಂಜಿಕಿ ಆಗೈತೇನ ಶೇಖಕ್ಕ?"

"ಭಾಳ ಆಗೈತವಾ."

"ಮತ್ತ ನಾಳೆ ಹೋದ್ರ ಆತಲ್ಲ."

"ನಾಳೆ ಅನ್ನೂದ್ರಾಗ ಯಾರದರ ಬಚ್ಚಲಕ್ಕ ಹೋಗಿರ್ತೈತಿ," ಅಂದಳು ಶೇಖವ್ವ. ಗೌಸಿಯಾಳ ಕೈಯಿಂದ ಚೀಲ ಬಿಡಿಸಿಕೊಂಡು, ರಬ್ಬರಿನ ಚಪ್ಪಲಿ ಮೆಟ್ಟಿ, ಮಾರುವ ಚೀಲ ಹಿಡಿದು ಕೊನೆಯ ಸಲ ಆ ಹೊಸ್ತಿಲು ದಾಟಿದಳು.